ಹೆಸರು ತಪ್ಪಿದ್ರೆ ತಡೆಯಿರಿ, ಆದ್ರೆ ಯಾಕೆ ಅಂತ ಹೇಳಿ

ಮೊನ್ನೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಲಿಯುತ್ತಿರುವ ಹುಡುಗಿಯೊಬ್ಬಳ ಪಕ್ಕ ಕೂತಿದ್ದೆ. ಹೊಸ ಯೂಸರ್ ಸೇರಿಸಲು ಹೋಗಿ ತನ್ನ ಹೆಸರನ್ನು ಕ್ಯಾಪಿಟಲ್ ಅಕ್ಷರದಿಂದ ಶುರು ಮಾಡಿದಳು. ಎಂಟರ್ ಒತ್ತಿದ ಕೂಡಲೇ, ನೇಮ್ ರೆಜೆಕ್ಸ್ ಎಂಬ ಸೆಟ್ಟಿಂಗ್‌ನಲ್ಲಿರುವ ರೆಗ್ಯುಲರ್ ಎಕ್ಸ್‌ಪ್ರೆಷನ್‌ಗೆ (ಹೆಸರು ಹೇಗಿರಬೇಕು ಅನ್ನುವ ಮಾದರಿಗೆ) ಹೊಂದುವ ಹೆಸರು ಕೊಡಿ ಎಂದು ಇಂಗ್ಲಿಷಿನಲ್ಲಿ ಬಂತು. "ಏನೋ ಹಾಳು ಮಾಡಿಬಿಟ್ಟೆ ಅನ್ಸುತ್ತೆ ಸರ್" ಅಂದಳು. ಏನೂ ಹಾಳಾಗಿರಲಿಲ್ಲ. ‘ಹೆಸರಲ್ಲಿ ಕ್ಯಾಪಿಟಲ್ ಅಕ್ಷರ ಬೇಡ’ ಅಂದಿದ್ದರೆ ಅವಳೇ ಸರಿ ಮಾಡಿಕೊಳ್ಳುತ್ತಿದ್ದಳು, ಅಲ್ವಾ?

ಆದರೂ ಅದು ತಡೆದದ್ದು ಸರಿ. ತಡೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2017ರಲ್ಲಿ ಸಿಸ್ಟಮ್‌ಡಿಯಲ್ಲಿ ಆದದ್ದನ್ನು ನೋಡಿ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳನ್ನು, ಶುರು ಮಾಡುವುದು, ನಿಲ್ಲಿಸುವುದು ಅದರ ಕೆಲಸ. ಸರ್ವಿಸ್ ಫೈಲಿನಲ್ಲಿ ‘ಯೂಸರ್=’ ಅಂತ ಒಂದು ಸಾಲು ಬರೆದರೆ ಆ ಯೂಸರ್ ಹೆಸರಲ್ಲೇ ಅದು ಓಡಬೇಕು. ಸಾಲು ಇಲ್ಲದಿದ್ದರೆ ರೂಟ್ ಆಗಿ, ಅಂದರೆ ಪೂರ್ತಿ ಅಧಿಕಾರ ಇಟ್ಟುಕೊಂಡು ಓಡುತ್ತದೆ. ಅಲ್ಲಿ ‘0ಡೇ’ ಅಂತ ಹೆಸರು ಕೊಟ್ಟರೆ? ಅಂಕಿಯಿಂದ ಶುರುವಾಗುವ ಹೆಸರನ್ನು ಸಿಸ್ಟಮ್‌ಡಿ ಒಪ್ಪುತ್ತಿರಲಿಲ್ಲ. ಸರಿ, ಒಪ್ಪದಿರಲಿ. ಆದರೆ ಅದು ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದು, ಆ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತಿತ್ತು. ಅಧಿಕಾರ ಕಡಿಮೆ ಮಾಡಲೆಂದು ಬರೆದ ಸಾಲೇ ಬಿದ್ದುಹೋಗಿ ಸರ್ವಿಸ್ ರೂಟ್ ಆಗಿ ಓಡುತ್ತಿತ್ತು! ಅಂಥ ಹೆಸರೇ ತಪ್ಪು, ಇದು ಬಗ್ ಅಲ್ಲ ಅಂತ ಸಿಸ್ಟಮ್‌ಡಿ ಬರೆದವರು ಮೊದಲು ವಾದಿಸಿದರು. ನನಗೆ ಆ ವಾದ ಒಪ್ಪಿಗೆಯಿಲ್ಲ. ಬಂದವನ ಚೀಟಿ ಓದಲು ಬರಲಿಲ್ಲ ಅಂತ ಮನೆಯ ಕೀ ಗೊಂಚಲನ್ನೇ ಅವನ ಕೈಗೆ ಕೊಟ್ಟ ಹಾಗಾಯಿತು. ಕೊನೆಗೆ ಇದಕ್ಕೆ ಸಿವಿಇ ನಂಬರ್, ಅಂದರೆ ಭದ್ರತಾ ದೋಷಗಳ ಪಟ್ಟಿಯಲ್ಲಿ ಒಂದು ನಂಬರ್, ಬಂತು. 233ನೇ ಆವೃತ್ತಿವರೆಗೆ ಹೀಗೇ ಇತ್ತು, ಆಮೇಲೆ ಅಂಥ ಸರ್ವಿಸ್ ಶುರುವೇ ಆಗದಂತೆ ಮಾಡಿದರು.

ಅಂಕಿ ಬೇಡ ಅನ್ನುವುದಕ್ಕೂ ಕಾರಣ ಇದೆ. ಲಿನಕ್ಸ್‌ನಲ್ಲಿ ಪ್ರತಿ ಯೂಸರ್‌ಗೂ ಒಂದು ನಂಬರ್ ಇರುತ್ತದೆ. ಯಾರಿಗಾದರೂ ‘1001’ ಅಂತಲೇ ಹೆಸರಿಟ್ಟರೆ ಅದು ಹೆಸರೋ ನಂಬರೋ? ಇಷ್ಟನ್ನು ಎರರ್ ಮೆಸೇಜ್‌ನಲ್ಲೇ ಹೇಳಿದರೆ ಯಾರೂ ಸುಮ್ನೆ ಜಗಳಕ್ಕೆ ಬರುವುದಿಲ್ಲ.

ಹೆಸರಿನ ನಿಯಮ ಬಿಗಿ ಮಾಡಿ ಅಂದರೆ ಕನ್ನಡಕ್ಕೆ ಬಾಗಿಲು ಹಾಕಿ ಅಂತಲ್ಲ. ಫೈಲಿಗೆ ‘ಬಿಲ್’ ಅಂತ ಹೆಸರಿಡುವಾಗ ಕೊನೆಯಲ್ಲಿ ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಎಂಬ, ಒತ್ತಕ್ಷರ ಆಗದಂತೆ ತಡೆಯುವ ಗುರುತು ಸೇರಿಕೊಂಡರೆ, ಎರಡು ‘ಬಿಲ್’ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಅವು ಬೇರೆ ಬೇರೆ. ಕಣ್ಣೆದುರಿಗಿರುವ ಫೈಲನ್ನೇ ಇಲ್ಲ ಅನ್ನುತ್ತದೆ. ಕೊನೆಯಲ್ಲಿ ಕಾಣದ ಅಕ್ಷರ ಇದೆ ಅಂತ ಹೆಸರಿಡುವಾಗಲೇ ಹೇಳಬಹುದಲ್ಲ? ಉದ್ದದ ವಿಷಯವೂ ಹಾಗೇ. ಸಾಮಾನ್ಯವಾಗಿ ಫೈಲಿನ ಹೆಸರಿಗೆ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್ ಆಗಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಗುರುತಿಗೂ 3 ಬೈಟ್ ಬೇಕು. 85ಕ್ಕೆ ಜಾಗ ಮುಗಿಯಿತು. ಆಗ ‘ಹೆಸರು ತುಂಬಾ ಉದ್ದ’ ಅಂತಷ್ಟೇ ಬರುತ್ತದೆ. ಎಷ್ಟು ಜಾಸ್ತಿಯಾಯಿತು ಅನ್ನುವ ಲೆಕ್ಕ ಅದರ ಹತ್ತಿರವೇ ಇದೆ. ಅದನ್ನೂ ಬರೆಯಲಿ.