ಮಾವ ಈಚೆ, ಅಳಿಯ ಆಚೆ

ಕಲಬುರಗಿ ಜಿಲ್ಲೆಯ ಚಿಂಚೋಳಿ ಬಿಟ್ಟು ಕುಂಚಾವರಂ ಗುಡ್ಡದ ಕಡೆ ಹೊರಟರೆ ತೊಗರಿ ಹೊಲದ ಕರಿಮಣ್ಣು ಹಿಂದೆ ಉಳಿದು ಕೆಂಪು ಕಲ್ಲುನೆಲ, ಕಾಡು, ನಡುನಡುವೆ ಲಂಬಾಣಿಗರ ತಾಂಡಾಗಳು ಸಿಗುತ್ತವೆ. ಸಿಗುತ್ತವೆ ಎನ್ನುವುದು ಕಣ್ಣಿನ ಮಾತು, ಕಾಗದದ ಮಾತು ಬೇರೆ. ಮತದಾರರ ಪಟ್ಟಿಯಲ್ಲಿ ತಾಂಡಾ ಇರುತ್ತದೆ, ಪಡಿತರ ಚೀಟಿಯಲ್ಲಿ ಇರುತ್ತದೆ, ಓಟು ಕೇಳುವವರ ಜೀಪಿಗಂತೂ ದಾರಿ ಬಾಯಿಪಾಠ. ಕಂದಾಯ ನಕ್ಷೆ ಬಿಡಿಸಿದರೆ ಮಾತ್ರ ಅಲ್ಲಿ ಬರೀ ಕಾಡು.

ಸರ್ಕಾರ ಇದಕ್ಕೆ ‘ದಾಖಲೆ ರಹಿತ ಜನವಸತಿ’ ಎಂದು ಹೆಸರಿಟ್ಟಿದೆ. 2023ರ ಜನವರಿ 19ರಂದು ಪ್ರಧಾನಿ ಇದೇ ಜಿಲ್ಲೆಯ ಮಳಖೇಡಕ್ಕೆ ಬಂದು 50,000ಕ್ಕೂ ಹೆಚ್ಚು ಮಂದಿಗೆ ಹಕ್ಕುಪತ್ರ ಹಂಚಿದರು. ಐದು ಜಿಲ್ಲೆಗಳ ಸುಮಾರು 1,475 ವಸತಿಗಳು ಕಂದಾಯ ಗ್ರಾಮಗಳ ಸಾಲಿಗೆ ಬಂದವು. ಒಳ್ಳೆಯದೇ. ಆದರೆ ಮನೆಯ ಕೆಳಗಿನ ನೆಲ ಅರಣ್ಯದ್ದಾದರೆ ಆ ದಾರಿ ಅಲ್ಲಿಗೇ ಮುಗಿಯಿತು. ಮುಂದಿನದು 2006ರ ಅರಣ್ಯ ಹಕ್ಕು ಕಾಯ್ದೆಯ ಆಟ.

ಆ ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಕಾಡಿನಲ್ಲಿದ್ದು ಕಾಡನ್ನೇ ನೆಚ್ಚಿ ಬದುಕಿದ್ದರೆ ಸಾಕು. ಉಳಿದವರು ಆ ದಿನದಿಂದ ಹಿಂದಕ್ಕೆ ಮೂರು ತಲೆಮಾರು, ಅಂದರೆ 75 ವರ್ಷ, ತೋರಿಸಬೇಕು. ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಗುಡ್ಡದ ಆ ಮಗ್ಗುಲೇ ತೆಲಂಗಾಣ. ಹೀಗಾಗಿ ಮಗಳನ್ನು ಕೊಟ್ಟ ಮಾವ ಎಲ್ಲೆಕಲ್ಲಿನ ಈಚೆ ಕೂತು ಅಜ್ಜನ ಕಾಲದ ಗುರುತು ಹುಡುಕುತ್ತಾನೆ. ಅಳಿಯನಿಗೆ ಆಚೆ ತನ್ನ ಕಾಲದ ಗುರುತೇ ನಡೆಯುತ್ತದೆ. ಬೀಗರ ನಡುವೆ ಇಷ್ಟು ಅಂತರ ವರದಕ್ಷಿಣೆ ಮಾತಿನಲ್ಲೂ ಬಂದಿರಲಿಕ್ಕಿಲ್ಲ.

1930ರಲ್ಲಿ ಇದು ನಿಜಾಮರ ಸೀಮೆ, ಕಚೇರಿ ಭಾಷೆ ಉರ್ದು. ಟ್ರಂಕಿನ ತಳದಲ್ಲಿ ಗೆದ್ದಲು ತಿಂದು ಬಿಟ್ಟ ಕಾಗದವೊಂದು ಸಿಕ್ಕಿತೆನ್ನಿ. ತಾಂಡಾದ ಮುಂದಾಳು ಕಾರಭಾರಿ ಅದನ್ನು ಹಿಡಿದು ಕಚೇರಿಗೆ ಹೋದರೆ ಸಾಹೇಬರು ಕೇಳುತ್ತಾರೆ:

“ಇದರಾಗ ಏನ್ ಬರ್ದದ್ರೀ ಕಾರಭಾರಿ?”

“ನಮಗ ಓದ್ಲಾಕ ಬರಲ್ರೀ ಸಾಹೇಬ್ರ, ನೀವೇ ಹೇಳ್ರಿ.”

“ನನಗೂ ಬರಲ್ಲ. ಕನ್ನಡದಾಗ ಇದ್ದದ್ದು ತರ್ರಿ.”

ಕಾಗದವೇ ಬೇಕೆಂದು ನಿಯಮ ಹೇಳುವುದಿಲ್ಲ, ಇದು ಸಾಹೇಬರಿಗೂ ಗೊತ್ತಿರಬೇಕು. ಹಳೆ ಮನೆ, ಬಾವಿ, ಬದು, ಸ್ಮಶಾನ, ದೇವರ ಜಾಗ ಎಲ್ಲವೂ ಸಾಕ್ಷಿ. ಹಿರಿಯರ ಹೇಳಿಕೆ ಬರೆಸಿಕೊಟ್ಟರೂ ಆಗುತ್ತದೆ, ಆ ಹಿರಿಯರು ಅರ್ಜಿದಾರರಾಗಿರಬಾರದು. ತಾಂಡಾದವರೆಲ್ಲ ಅರ್ಜಿ ಹಾಕಿದ ಮೇಲೆ ಅಂಥ ಹಿರಿಯರನ್ನು ಎಲ್ಲಿಂದ ತರುವುದು? ಒಂದೇ ಸಾಕ್ಷಿ ಇಟ್ಟರೆ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಅರ್ಜಿ ಎಡವುವುದು ಇಲ್ಲಿಯೇ. ಗ್ರಾಮಸಭೆ, ಅರಣ್ಯ ಹಕ್ಕು ಸಮಿತಿಯ ಸ್ಥಳ ಪರಿಶೀಲನೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ, ಇಷ್ಟು ಮೆಟ್ಟಿಲು. ಕೆಳಗಿನ ತೀರ್ಮಾನ ಒಪ್ಪದಿದ್ದರೆ ಮೇಲಿನವರ ಬಳಿ ಹೋಗಲು 60 ದಿನ. ಅಂಚೆ ಗುಡ್ಡ ಹತ್ತುವಷ್ಟರಲ್ಲಿ ಅದರಲ್ಲಿ ಎಷ್ಟು ಉಳಿಯುತ್ತದೋ.

2011ರಲ್ಲಿ ಇಲ್ಲಿ 134.88 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ದಶಮಾಂಶದ ಎರಡನೇ ಮನೆಯವರೆಗೂ ಅಳೆದಿದ್ದಾರೆ. ತೋಳಕ್ಕೆ ವಿಳಾಸ ಸಿಕ್ಕಿತು, ಅಜ್ಜನ ಕಾಗದ ಯಾರೂ ಕೇಳಲಿಲ್ಲ.

ಗಡಿಯಂಚಿನ ನೆತ್ತಿಗೆ ಹೋದರೆ ಮೊಬೈಲು ಆಚೆಯ ಟವರಿಗೆ ಜಾರಿ ‘ತೆಲಂಗಾಣಕ್ಕೆ ಸ್ವಾಗತ’ ಎನ್ನುತ್ತದೆ. ಆ ಎರಡು ಕಡ್ಡಿ ಸಿಗ್ನಲ್ ಇರುವಷ್ಟು ಹೊತ್ತು ಮಾವನೂ ಅಳಿಯನ ಸಾಲಿನಲ್ಲೇ ಇರುತ್ತಾನೆ.