ಆರ್ಕ್ಟಿಕ್ ಗಾಳಿಯ ಕಣ ಅಳೆಯಲು ಅಗ್ಗದ ಲೇಸರ್ ಸೆನ್ಸರ್ ಆದೀತೆ?

ಪರ: ಜನ ಉಸಿರಾಡುವುದು ಬೆಟ್ಟದ ತುದಿಯಲ್ಲಲ್ಲ

ನಾರ್ವೆಯ ಉತ್ತರದ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಝೆಪೆಲಿನ್ ವೀಕ್ಷಣಾಲಯ ಇರುವುದು 474 ಮೀಟರ್ ಎತ್ತರದಲ್ಲಿ. ಕೆಳಗಿನ ವಸತಿಯ ಹೊಗೆ ತಾಗಬಾರದೆಂದೇ ಆ ಜಾಗ. ಕೆನಡಾದ ಅಲರ್ಟ್, ಗ್ರೀನ್‌ಲ್ಯಾಂಡಿನ ಸ್ಟೇಷನ್ ನೋರ್ಡ್ ಕೂಡ ಊರುಗಳಿಂದ ಬಹುದೂರ. ದೂರದ ಖಂಡಗಳಿಂದ ತೇಲಿಬಂದ ಮಾಲಿನ್ಯ ಹಿಡಿಯಲು ಇವು ಸರಿ. ಸೌದೆ ಒಲೆ, ಡೀಸೆಲ್ ಜನರೇಟರ್‌ಗಳ ನಡುವೆ ಚಳಿಗಾಲ ಕಳೆಯುವವರ ಮೂಗಿಗೆ ಏನು ಹೋಗುತ್ತಿದೆಯೆಂದು ಇವು ಹೇಳಲಾರವು.

ಅಲಾಸ್ಕಾದ ಫೇರ್‌ಬ್ಯಾಂಕ್ಸನ್ನೇ ನೋಡಿ. ಚಳಿಗಾಲದಲ್ಲಿ ನೆಲದ ಗಾಳಿ ಮೇಲಿನದಕ್ಕಿಂತ ತಣ್ಣಗಾಗಿ, ಹೊಗೆ ಏರಲಾಗದೆ ಬೀದಿಯಲ್ಲೇ ಕೂರುತ್ತದೆ. ಪಿಎಂ2.5, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳಿಗೆ ಅಮೆರಿಕ ಹಾಕಿಕೊಂಡಿರುವ 24 ಗಂಟೆಯ ಮಿತಿ ಘನಮೀಟರಿಗೆ 35 ಮೈಕ್ರೊಗ್ರಾಂ. ಅಲ್ಲಿ ಅದು ಮೀರುವುದು ಹೊಸತೇನಲ್ಲ. ತಗ್ಗಿನ ಓಣಿಗೂ ಗುಡ್ಡದ ಮನೆಗೂ ಅಜಗಜಾಂತರ. ಒಂದೇ ದುಬಾರಿ ಯಂತ್ರದಿಂದ ಈ ವ್ಯತ್ಯಾಸ ತಿಳಿಯದು, ಕಣಗಳಿಗೆ ತಾಗಿ ಚದುರುವ ಲೇಸರ್ ಬೆಳಕಿನಿಂದ ಅವನ್ನು ಲೆಕ್ಕಹಾಕುವ ಅಗ್ಗದ ಸೆನ್ಸರ್ ಓಣಿಗೊಂದು ಇದ್ದರೆ ತಿಳಿಯುತ್ತದೆ.

ಶಿಸ್ತು ಬೇಕು, ನಿಜ. ಒಂದು ಪೆಟ್ಟಿಗೆಯಲ್ಲಿ ಎರಡು ಸೆನ್ಸರ್ ಇಡಿ. ಅವೆರಡೂ ಒಪ್ಪದ ಗಂಟೆಗಳನ್ನು ಕೈಬಿಡಿ. ಪ್ರಮಾಣಿತ ಯಂತ್ರದ ಪಕ್ಕದಲ್ಲಿ ಎರಡು ವಾರ ಓಡಿಸಿ ಹೋಲಿಸಿ, ಅದೂ ಚಳಿಗಾಲದಲ್ಲೇ; ಬೇಸಿಗೆಯಲ್ಲಿ ಕಂಡುಕೊಂಡ ತಿದ್ದುಪಡಿ ಸೌದೆ ಹೊಗೆಗೆ ಹೊಂದುವುದಿಲ್ಲ. ಬಿಸಿ ಮಾಡಬೇಕಾದ್ದು ಸರ್ಕ್ಯೂಟನ್ನು, ಒಳಬರುವ ಗಾಳಿಯನ್ನಲ್ಲ: ಗಾಳಿ ಕಾದರೆ ಅಮೋನಿಯಂ ನೈಟ್ರೇಟ್‌ನಂಥ ಕಣಗಳು ಆವಿಯಾಗಿ ಲೆಕ್ಕ ತಪ್ಪುತ್ತದೆ. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಹಾಳು, ಆದ್ದರಿಂದ ಮನೆಯ ಕರೆಂಟೇ ಲೇಸು.

ವಿರೋಧ: ಸೊನ್ನೆ ತೋರಿಸಿದ ಮಾತ್ರಕ್ಕೆ ಅಳೆದಂತಲ್ಲ

ಸೌದೆ ಹೊಗೆ ದಟ್ಟವಾಗಿರುವ ಓಣಿಯಲ್ಲಿ ಇವು ನಡೆದಾವು. ಅದೇ ಪೆಟ್ಟಿಗೆಯನ್ನು ಉಳಿದ ಆರ್ಕ್ಟಿಕ್‌ಗೂ ಒಯ್ಯಿರಿ ಎಂದಾಗ ತಕರಾರು ಶುರು.

ಬಹಳ ಕಡೆ ಬಳಕೆಯಲ್ಲಿರುವ ಅಗ್ಗದ ಲೇಸರ್ ಸೆನ್ಸರ್ ಪ್ಲಾಂಟವರ್ ಪಿಎಂಎಸ್ 5003ರ ತಯಾರಕರ ವಿವರಪಟ್ಟಿಯನ್ನೇ ಓದಿ. 0.3 ಮೈಕ್ರಾನ್ ಕಣಗಳಲ್ಲಿ ಅದು ಎಣಿಸುವುದು ಅರ್ಧದಷ್ಟು. ಚಳಿಗಾಲದ ಕೊನೆಯಿಂದ ಏಪ್ರಿಲ್‌ವರೆಗೆ ಕವಿಯುವ, ದೂರದಿಂದ ತೇಲಿಬಂದ ಮಾಲಿನ್ಯದ ಆರ್ಕ್ಟಿಕ್ ಮಬ್ಬಿನ ಕಣಗಳು ಹೆಚ್ಚಾಗಿ ಅದಕ್ಕಿಂತಲೂ ಸಣ್ಣವು. 100 ಮೈಕ್ರೊಗ್ರಾಂವರೆಗಿನ ವ್ಯಾಪ್ತಿಯಲ್ಲಿ ಒಪ್ಪಿಕೊಂಡಿರುವ ದೋಷ 10 ಮೈಕ್ರೊಗ್ರಾಂ, ಆಚೆಗೂ ಈಚೆಗೂ. ಊರಾಚೆಯ ಶುದ್ಧ ಗಾಳಿಯಲ್ಲಿ ಇರುವುದೇ ಒಂದೆರಡು! ಅಂಕಿ ಬರುವುದೂ ಪೂರ್ಣಾಂಕದಲ್ಲಿ, ಹಾಗಾಗಿ ದಿನವಿಡೀ 0 ತೋರಿಸುತ್ತಾ ಕೂತಿದ್ದರೂ ಕೆಟ್ಟಿದೆಯೋ, ಗಾಳಿ ಶುದ್ಧವೋ ಗೊತ್ತಾಗದು. ಕೆಲಸದ ಉಷ್ಣತೆಯ ಮಿತಿ ಮೈನಸ್ 10 ಡಿಗ್ರಿ. ಮೈನಸ್ 30ರ ಆಸುಪಾಸಿನಲ್ಲಿ ವಾಹನ, ಚಿಮಣಿಗಳ ಆವಿ ಹೆಪ್ಪುಗಟ್ಟಿ ಹಿಮಹರಳಿನ ಮಂಜಾಗುತ್ತದೆ. ಲೇಸರ್‌ಗೆ ಹರಳೂ ಒಂದೇ, ಹೊಗೆಯೂ ಒಂದೇ.

ಹಿಮದ ಮೇಲೆ ಕೂತು ಅದನ್ನು ಕರಗಿಸುವ ಕಪ್ಪು ಇಂಗಾಲವಂತೂ (ಹೊಗೆಯ ಮಸಿ) ಇದಕ್ಕೆ ಬೇರೆಯಾಗಿ ಕಾಣುವುದೇ ಇಲ್ಲ. ಅದಕ್ಕೆ ಎಥಲೋಮೀಟರ್ ಬೇಕು: ಫಿಲ್ಟರ್ ಪಟ್ಟಿಯ ಮೇಲೆ ಕಣ ಕೂರಿಸಿ, 880 ನ್ಯಾನೊಮೀಟರ್ ಬೆಳಕು ಎಷ್ಟು ಕುಗ್ಗಿತೆಂದು ನೋಡುವ ಯಂತ್ರ. ಅದಕ್ಕೂ ಇಲ್ಲಿ ಸುಲಭವಿಲ್ಲ. ಬೇಸಿಗೆಯಲ್ಲಿ ಎಷ್ಟೋ ಕಡೆ ಕಪ್ಪು ಇಂಗಾಲ ಘನಮೀಟರಿಗೆ 10 ನ್ಯಾನೊಗ್ರಾಂ ಕೂಡ ಇರುವುದಿಲ್ಲ. ಕೋಣೆಯ ಉಷ್ಣತೆ ಅಥವಾ ತೇವ ತುಸು ಜಿಗಿದರೂ ಫಿಲ್ಟರಿನ ಪಾರದರ್ಶಕತೆ ಬದಲಾಗಿ ಒಮ್ಮೆ ಸುಳ್ಳು ಏರಿಕೆ, ಮರುಗಳಿಗೆ ಋಣಸಂಖ್ಯೆ. ಆ ಋಣಸಂಖ್ಯೆಗಳನ್ನು ಅಳಿಸಬಾರದು. ಅಳಿಸಿದರೆ ಸರಾಸರಿ ಸುಮ್ಮನೆ ಉಬ್ಬುತ್ತದೆ. ಎಲ್ಲವನ್ನೂ ಇಟ್ಟುಕೊಂಡೇ ಹಲವು ಗಂಟೆಗಳ ಸರಾಸರಿ ತೆಗೆಯಬೇಕು.

ಇನ್ನು ದೀರ್ಘಕಾಲದ ದಾಖಲೆ. ಅಲಾಸ್ಕಾದ ಬ್ಯಾರೋ ವೀಕ್ಷಣಾಲಯದಲ್ಲಿ 1970ರ ದಶಕದಿಂದ ಕಣಗಳ ಅಳತೆ ನಡೆದಿದೆ. ಯಂತ್ರ ಬದಲಿಸುವಾಗ ಹಳತು ಹೊಸತನ್ನು ಜೊತೆಯಲ್ಲಿ ಓಡಿಸಿ ಹೋಲಿಸಿದರಷ್ಟೇ ಅಂಥ ಸರಣಿಗೆ ಬೆಲೆ. ಅಗ್ಗದ ಸೆನ್ಸರಿನಲ್ಲಿ ಬೆಳಕನ್ನು ಮೈಕ್ರೊಗ್ರಾಂ ಆಗಿಸುವ ಸೂತ್ರ ಕಂಪನಿಯ ಗುಟ್ಟು, ಫರ್ಮ್‌ವೇರ್ (ಸೆನ್ಸರಿನೊಳಗಿನ ತಂತ್ರಾಂಶ) ಜೊತೆ ಅದೂ ಬದಲಾಗಬಹುದು. ಹಾಕಲೇಬೇಕೆಂದರೆ ಕಚ್ಚಾ ಎಣಿಕೆ, ಫರ್ಮ್‌ವೇರ್ ಸಂಖ್ಯೆ ಎರಡನ್ನೂ ಉಳಿಸಿ, ಆ ಅಂಕಿಗಳನ್ನು ಬೇರೆ ಕಡತದಲ್ಲೇ ಇಡಿ.