ಹೊಳೆಗೆ ಡೊಂಕು ಯಾಕೆ ಬೇಕು ಸ್ವಾಮಿ?

ಬೆಂಗಳೂರಲ್ಲಿ ರಸ್ತೆ ನೆಟ್ಟಗಿಲ್ಲ. ಫುಟ್‌ಪಾತ್ ನೆಟ್ಟಗಿಲ್ಲ. ಲೆಕ್ಕಪತ್ರ ಕೇಳಲೇಬೇಡಿ. ಹೀಗಿರುವಾಗ ಊರಿನ ಮರ್ಯಾದೆ ಉಳಿಸಿರುವುದು ಮಳೆನೀರು ಹರಿಸುವ ರಾಜಕಾಲುವೆ ಒಂದೇ. ಎರಡೂ ಕಡೆ ಕಾಂಕ್ರೀಟ್ ತಡೆಗೋಡೆ, ತಳಕ್ಕೂ ಕಾಂಕ್ರೀಟ್, ಮೇಲೆ ಕಬ್ಬಿಣದ ಜಾಲರಿ. ಸ್ಕೇಲ್ ಇಟ್ಟು ಗೆರೆ ಎಳೆದಷ್ಟು ನೇರ. ಬಗ್ಗಿ ನೋಡಿದರೆ ಕಣ್ಣು ತಂಪಾಗುತ್ತದೆ. ಮೂಗು ಮುಚ್ಚಿಕೊಂಡಿರಬೇಕು, ಅಷ್ಟೆ.

ನದಿಮೂಲ, ಋಷಿಮೂಲ ಹುಡುಕಬಾರದು ಅಂತಾರೆ. ಹೊಳೆಯಾಗಿದ್ದು ಈಗ ರಾಜಕಾಲುವೆಯಾಗಿರುವ ನಮ್ಮ ವೃಷಭಾವತಿ ವಿಷಯದಲ್ಲಿ ಆ ಭಯ ಬೇಡ. ನಂಬಿಕೆಯ ಪ್ರಕಾರ ಅವಳು ಹುಟ್ಟುವುದು ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ. ಈಗಿನ ಪರಿಸ್ಥಿತಿಯಲ್ಲಿ ನಮ್ಮ ನಿಮ್ಮ ಬಚ್ಚಲಲ್ಲಿ. ಮೈಸೂರು ರಸ್ತೆ ಪಕ್ಕ ಹರಿದು, ಗಾಳಿ ಆಂಜನೇಯನಿಗೆ ಕೈಮುಗಿದು, ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತಾಳೆ. ಅಲ್ಲಿಂದ ಅರ್ಕಾವತಿ, ಆಮೇಲೆ ಸಂಗಮದಲ್ಲಿ ಕಾವೇರಿ. ಅಂದ್ರೆ, ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತರಿಸಿದ ಕಾವೇರಿ ನೀರನ್ನು ಬಳಸಿ, ಅದೇ ಕಾವೇರಿಗೆ ವಾಪಸ್ ಕಳಿಸುತ್ತೇವೆ. ಸಾಲ ಇಟ್ಟುಕೊಳ್ಳುವ ಜಾಯಮಾನ ನಮ್ಮದಲ್ಲ. ಜನ ಮಾತ್ರ ಇವಳನ್ನು ಪ್ರೀತಿಯಿಂದ ಕೆಂಗೇರಿ ಮೋರಿ ಅಂತ ಕರೆಯುತ್ತಾರೆ.

ಈಗ ಹೊಳೆಯ ವಿಜ್ಞಾನ ಬಲ್ಲ ಕೆಲವರ ತಕರಾರು ಏನಪ್ಪಾ ಅಂದ್ರೆ, ಹೊಳೆ ನೇರ ಇರಬಾರದಂತೆ. ತಿರುವು ಬೇಕಂತೆ.

ಹೊಳೆಯ ಅಗಲ ಎಷ್ಟಿರಬೇಕು ಅಂತ ತೀರ್ಮಾನಿಸುವವರು ಯಾರು? ನಮ್ಮಲ್ಲಾದರೆ ಪಕ್ಕದ ಸೈಟಿನವರು. ಇವರ ಪ್ರಕಾರ ಅದನ್ನು ಹೊಳೆಯೇ ಗೊತ್ತು ಮಾಡಿಕೊಳ್ಳುತ್ತದಂತೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ದಡ ಮುಟ್ಟಿ ಹರಿಯುವ ನೀರು, ನೆಲದ ಇಳಿಜಾರು, ಜೊತೆಗೆ ಬರುವ ಮರಳು, ದಡದ ಮಣ್ಣು, ಆ ಮಣ್ಣು ಹಿಡಿದು ನಿಂತ ಹೊಂಗೆ ಬೇರು ಎಲ್ಲ ಸೇರಿ ಅಗಲ, ಆಳ ನಿಗದಿ ಮಾಡುತ್ತವೆ. ತಿರುವು ಕೂಡ ಸುಮ್ನೆ ಬರುವುದಿಲ್ಲ. ಸುಮಾರಾಗಿ ತನ್ನ ಅಗಲದ ಹತ್ತು ಹನ್ನೆರಡು ಪಟ್ಟು ದೂರದಲ್ಲಿ ಒಂದು ಬಳುಕು ಮುಗಿಸಿ ಇನ್ನೊಂದು ಶುರು ಮಾಡುತ್ತದೆ. 1926ರಲ್ಲಿ ಐನ್‌ಸ್ಟೈನ್ ಇದರ ಮೇಲೇ ಒಂದು ಲೇಖನ ಬರೆದರು. ಟೀ ಕಲಕಿದರೆ ಚರಟವೆಲ್ಲ ಲೋಟದ ತಳದ ಮಧ್ಯಕ್ಕೆ ಬಂದು ಸೇರುತ್ತದಲ್ಲ, ತಿರುವಿನಲ್ಲಿ ಹೊಳೆಯೂ ಹಾಗೇ ಸುತ್ತುತ್ತದೆ. ಹೊರದಡ ಕೊರೆಯುತ್ತದೆ, ಒಳದಡಕ್ಕೆ ಮರಳು ತಂದು ಹಾಕುತ್ತದೆ. ನಮ್ಮ ಸೈಟ್ ಇನ್‌ಸ್ಪೆಕ್ಷನ್‌ನಲ್ಲೂ ಟೀ ತಪ್ಪಿದ್ದಿಲ್ಲ. ಅಲ್ಲಿಗೆ ಅರ್ಧ ವಿಜ್ಞಾನ ಮುಗಿಯಿತು.

ಇಷ್ಟೆಲ್ಲ ಬಳುಕಿ ಹೊಳೆ ಸಾಧಿಸುವುದಾದರೂ ಏನು? ಕಲ್ಲುಗಳ ಮೇಲೆ ತೆಳ್ಳಗೆ ಹಾಯುವಾಗ ನೀರಿಗೆ ಗಾಳಿ ಸೇರುತ್ತದೆ. ಮಡುವಿನಲ್ಲಿ ನಿಧಾನವಾದಾಗ ಹೂಳು ಕೂರುತ್ತದೆ. ತಳದ ಮರಳೊಳಗೆ ಇಳಿದು ಮತ್ತೆ ಮೇಲೆ ಬರುವಷ್ಟರಲ್ಲಿ ಅಲ್ಲಿನ ಸೂಕ್ಷ್ಮಜೀವಿಗಳು ಕೊಳೆ ತಿಂದಿರುತ್ತವೆ. ದಡದ ಜೊಂಡು ನೀರಲ್ಲಿರುವ ರಂಜಕ (ಫಾಸ್ಫರಸ್) ಹೀರುತ್ತದೆ. ಎಲ್ಲ ಪುಕ್ಕಟೆ. ಕರೆಂಟ್ ಬಿಲ್ ಇಲ್ಲ, ಆಪರೇಟರ್ ಇಲ್ಲ, ಟೆಂಡರ್ ಇಲ್ಲ. ಟೆಂಡರ್ ಇಲ್ಲದ್ದನ್ನು ಕೆಲಸ ಅಂತ ಒಪ್ಪುವುದು ಹೇಗೆ? ಅದಕ್ಕೇ ಕಾಂಕ್ರೀಟ್ ಸುರಿದು ಇದನ್ನೆಲ್ಲ ನಿಲ್ಲಿಸಿದೆವು. ಈಗ ಅದೇ ಗಾಳಿ ಸೇರಿಸಲು, ಅದೇ ಹೂಳು ಕೂರಿಸಲು, ಅದೇ ಸೂಕ್ಷ್ಮಜೀವಿ ಸಾಕಲು ಎಸ್‌ಟಿಪಿಯಲ್ಲಿ, ಅಂದ್ರೆ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ, ಹಗಲೂ ರಾತ್ರಿ ಮೋಟಾರು ಓಡಿಸುತ್ತಿದ್ದೇವೆ. (ಇಡೀ ಊರಿನ ಕಕ್ಕಸು ನೀರು ತೊಳೆಯುವುದು ಯಾವ ಹೊಳೆಯ ಕೈಲೂ ಆಗದು, ಎಸ್‌ಟಿಪಿ ಬೇಕೇ ಬೇಕು. ಇದ್ದ ಕೆಲಸದಾಳನ್ನು ಕಟ್ಟಿಹಾಕಿದ್ದು ಯಾಕೆ ಅನ್ನುವುದಷ್ಟೇ ಪ್ರಶ್ನೆ.)

ಹೊಸ ತಡೆಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಗೋಡೆ ಹಿಂದಿನ ನೀರು ಇಳಿಯಲಿ ಅಂತ ಸಾಲಾಗಿ ತೂತು ಬಿಟ್ಟಿರುತ್ತಾರೆ. ಪಕ್ಕದಲ್ಲೇ ಪ್ಲಾನ್‌ನಲ್ಲಿಲ್ಲದ ಇನ್ನೊಂದು ತೂತು, ಡ್ರಿಲ್ ಹಾಕಿ ಕೊರೆದದ್ದು. ಅದರಿಂದ ನಾಲ್ಕಿಂಚಿನ ಪಿವಿಸಿ ಪೈಪ್ ಇಣುಕುತ್ತಿರುತ್ತದೆ. ಸುತ್ತ ಮೆತ್ತಿದ ಸಿಮೆಂಟ್ ಮೇಲೆ ಬೆರಳಿನ ಗುರುತು ಹಾಗೇ ಇರುತ್ತದೆ. ಕೆಳಗೆ ಗೋಡೆಯುದ್ದಕ್ಕೂ ಇಳಿದ ಕಪ್ಪು ಗೆರೆ. ಮೇಲೆ ಜಾಲರಿಗೆ ಸಿಕ್ಕಿಕೊಂಡ ಕಸದ ಕವರ್, ಪಾಪ, ಯಾರೋ ಹೊಸಬರು ಎಸೆದದ್ದು. ಪಳಗಿದವರದು ಗುರಿ ತಪ್ಪುವುದಿಲ್ಲ. ಬೇಸಿಗೆ ಬಂದರೆ ಆ ಚಪ್ಪಟೆ ತಳದ ತುಂಬ ಕಪ್ಪು ನೀರು ಗೇಣು ಆಳವೂ ಇಲ್ಲದೆ ಹರಡಿಕೊಂಡು ಬಿಸಿಲು ಕಾಯಿಸುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಆಮ್ಲಜನಕ ಕಡಿಮೆಯಾದಷ್ಟೂ ನಾತ ಜಾಸ್ತಿ.

ಮಳೆಗಾಲದ ಸೊಗಸೇ ಬೇರೆ. ನಮ್ಮ ಏರಿಯಾದ ನೀರು ನಿಮಿಷದಲ್ಲಿ ಮುಂದಿನ ಏರಿಯಾಕ್ಕೆ ಹೋಗುತ್ತದೆ. ಅಲ್ಲಿಗೆ ನಮ್ಮ ಸಮಸ್ಯೆ ಬಗೆಹರಿಯಿತು. ಮುಂದಿನವರು ಅವರ ಎಮ್ಮೆಲ್ಲೆಯನ್ನ ಕೇಳಿಕೊಳ್ಳಲಿ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಕಡೆ ಕೆರೆ ಕೋಡಿ ಬಿದ್ದು, ಒತ್ತುವರಿಯಾದ ಕಾಲುವೆ ಉಕ್ಕಿ, ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಗ್ರಾಮೀಣ ಬದುಕಿನ ಪರಿಚಯ ಖರ್ಚಿಲ್ಲದೆ ಆಯಿತು.

ಹೊಳೆ ನೇರ ಮಾಡುವುದರಲ್ಲಿ ನಮಗಿಂತ ಹಿರಿಯರು ಅಮೆರಿಕದವರು. ಫ್ಲಾರಿಡಾದ ಕಿಸಿಮ್ಮಿ ನದಿ ಸುಮಾರು 166 ಕಿ.ಮೀ. ಬಳುಕಿಕೊಂಡು ಹರಿಯುತ್ತಿತ್ತು. 1962ರಿಂದ 1971ರವರೆಗೆ ಸೇನೆಯ ಎಂಜಿನಿಯರುಗಳು ಅದನ್ನು 90 ಕಿ.ಮೀ. ನೇರ ಕಾಲುವೆ ಮಾಡಿ ಸಿ-38 ಅಂತ ಹೆಸರಿಟ್ಟರು. ಜವುಗು ಒಣಗಿತು, ನೀರುಹಕ್ಕಿಗಳು ಜಾಗ ಖಾಲಿ ಮಾಡಿದವು, ನೀರಲ್ಲಿ ಆಮ್ಲಜನಕ ಬಿತ್ತು. 1999ರಲ್ಲಿ ಅದೇ ಇಲಾಖೆಯವರು ಬಂದು, ತೋಡಿಟ್ಟ ಮಣ್ಣನ್ನೇ ಕಾಲುವೆಗೆ ತುಂಬಿ ನದಿಯನ್ನು ಮತ್ತೆ ಡೊಂಕು ಮಾಡಲು ಶುರುಮಾಡಿದರು. 2021ರಲ್ಲಿ ಕೆಲಸ ಮುಗಿಯಿತು. ಖರ್ಚು ಹತ್ತಿರ ಹತ್ತಿರ ನೂರು ಕೋಟಿ ಡಾಲರ್. ಅಷ್ಟಕ್ಕೂ ವಾಪಸ್ ಸಿಕ್ಕಿದ್ದು ಸುಮಾರು 70 ಕಿ.ಮೀ. ನದಿ.

ಈ ಸುದ್ದಿ ನಮ್ಮ ಗುತ್ತಿಗೆದಾರರ ಕಿವಿಗೆ ಇನ್ನೂ ಬಿದ್ದಂತಿಲ್ಲ. ನೇರ ಮಾಡಲು ಒಂದು ಬಿಲ್, ಡೊಂಕು ಮಾಡಲು ಇನ್ನೊಂದು. ಒಂದೇ ಹೊಳೆಗೆ ಎರಡು ಗುದ್ದಲಿ ಪೂಜೆ. ಕಾಂಕ್ರೀಟ್ ಒಡೆಯಲು ಬೇರೆ ಟೆಂಡರ್, ಒಡೆದ ಚೂರು ಸಾಗಿಸಲು ಮತ್ತೊಂದು. ಆ ಚೂರನ್ನು ಎಲ್ಲಿ ಸುರಿಯೋದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಪಕ್ಕದ ವಾರ್ಡಿನಲ್ಲಿ ಇನ್ನೊಂದು ರಾಜಕಾಲುವೆ ಇದ್ದೇ ಇರುತ್ತದೆ.